ಕಲ್ಲಡ್ಕ ಫ್ಲೈಓವರ್ ಕೆಳಗೆ ಅಂಗಡಿ ಉಳಿಸಿಕೊಂಡ ಕಥೆ

"ಫ್ಲೈಓವರ್ ಕಟ್ಟುವಾಗಿನ ಆ ಧೂಳಿನಲ್ಲಿ, ಕೆಸರಿನಲ್ಲಿ ಅಂಗಡಿ ಹೇಗೆ ನಡೆಸಿದಿರಿ ಮಾರಾಯ್ರೆ?" ಅಂತ ಈಗ ತುಂಬಾ ಜನ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟವರೇ. ಅವರ ಊರಿಗೆ ಈಗಷ್ಟೇ ಜೆಸಿಬಿ ಬಂದಿರುತ್ತದೆ. ಧೂಳಿಗೆ ಉಪಾಯ ಉಂಟು, ಹೇಳುತ್ತೇನೆ. ಆದರೆ ಕೆಲಸ ಮುಗಿದು ರಸ್ತೆ ನೀಟಾದ ಮೇಲೆ ಗಿರಾಕಿ ನಮ್ಮ ತಲೆಯ ಮೇಲಿಂದಲೇ ಮಂಗಳೂರಿಗೆ ಹೋಗಿಬಿಡುತ್ತಾನಲ್ಲ, ನಿಜವಾಗಿ ತಯಾರಾಗಬೇಕಾದ್ದು ಅದಕ್ಕೆ.

ಈ ಕಡೆ ಬರದವರಿಗೆ ಜಾಗದ ಪರಿಚಯ ಸ್ವಲ್ಪ. ಕಲ್ಲಡ್ಕ ಇರುವುದು ಮಂಗಳೂರು-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಬಿ.ಸಿ.ರೋಡಿಗೂ ಮಾಣಿಗೂ ನಡುವೆ. ವಿಟ್ಲ, ಚೆರ್ಕಳ ಕಡೆಯ ರಸ್ತೆ ಇಲ್ಲೇ ಹೆದ್ದಾರಿಗೆ ಸೇರುತ್ತದೆ. ಮುಂದೆ ಮಾಣಿಯಲ್ಲಿ ಪುತ್ತೂರು-ಮಡಿಕೇರಿ-ಮೈಸೂರು ರಸ್ತೆ ಒಡೆಯುತ್ತದೆ, ಹಾಗಾಗಿ ಮೈಸೂರಿಂದ ಬರುವವರೂ ಬೆಂಗಳೂರು ಕಡೆಯಿಂದ ಶಿರಾಡಿ ಘಾಟಿ ಇಳಿದು ಬರುವವರೂ ನಮ್ಮ ಪೇಟೆ ದಾಟಿಯೇ ಮಂಗಳೂರು ಸೇರಬೇಕು. ಗ್ಯಾಸ್ ಟ್ಯಾಂಕರ್, ಲಾರಿ, ಬಸ್ಸು, ಶಾಲೆ ಮಕ್ಕಳು, ಮೀನಿನ ಗಾಡಿ ಎಲ್ಲ ಅದೇ ಇಕ್ಕಟ್ಟಿನಲ್ಲಿ. ಇದೇ ಹೆದ್ದಾರಿಯ ಬಿ.ಸಿ.ರೋಡು-ಅಡ್ಡಹೊಳೆ ಚತುಷ್ಪಥ ಕೆಲಸ 2017ರಲ್ಲಿ ಶುರುವಾಯಿತು, ಅರ್ಧಕ್ಕೆ ನಿಂತಿತು, ಆಮೇಲೆ ಬಿ.ಸಿ.ರೋಡು-ಪೆರಿಯಶಾಂತಿ, ಪೆರಿಯಶಾಂತಿ-ಅಡ್ಡಹೊಳೆ ಅಂತ ಎರಡು ಭಾಗ ಮಾಡಿ ಮತ್ತೆ ಹಿಡಿದರು. ಕಲ್ಲಡ್ಕದ ಫ್ಲೈಓವರ್ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಅದರ ಮೇಲೆ ವಾಹನ ಓಡಿದ್ದು 2025ರಲ್ಲಿ. ಕೆಲಸ ಶುರುವಾದಾಗ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿದ್ದರು.

ನನ್ನದು ಬಾಡಿಗೆ ಕಟ್ಟಡದಲ್ಲಿ ಸಣ್ಣ ಚಾ-ತಿಂಡಿ, ಜ್ಯೂಸ್ ಅಂಗಡಿ. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಬೇರೆಯಾಗಿ ನಿಲ್ಲುವ ನಮ್ಮೂರ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಲಿಕ್ಕೆಂದೇ ಕಾರು ನಿಲ್ಲಿಸುವವರು ಯಾವಾಗಲೂ ಇದ್ದರು. ಅವರು ಹೆಸರಾದ ಹೋಟೆಲಿಗೆ ಹೋಗುತ್ತಾರೆ, ಜೊತೆಗಿದ್ದ ಮಕ್ಕಳಿಗೆ ಜ್ಯೂಸು, ಹಲಸಿನ ಚಿಪ್ಸು ಬೇಕಾದರೆ ನನ್ನಂಥವರ ಕಡೆ ಬರುತ್ತಾರೆ. ಫ್ಲೈಓವರಿಗೆ ಮೊದಲು ಹತ್ತು ರೂಪಾಯಿ ವ್ಯಾಪಾರ ಆದರೆ ಏಳು ರೂಪಾಯಿ ದಾರಿಹೋಕರದ್ದೇ ಆಗಿತ್ತು.

ಧೂಳಿನ ವಿಷಯ. ಬೇಸಗೆಯಲ್ಲಿ ಬೆಳಿಗ್ಗೆ ಒರೆಸಿದ ಮೇಜು ಹತ್ತು ಗಂಟೆಗೆ ಕೆಂಪು. ಟ್ಯಾಂಕರಿನವರು ನೀರು ಬಿಟ್ಟು ಹೋದರೆ ಒಂದು ಗಂಟೆ ಸುಖ, ಅದೂ ಬಂದರೆ ಬಂತು. ನಾನು ಮೊದಲು ಮಾಡಿದ ಕೆಲಸ, ಎದುರಿಗೆ ಇಡುತ್ತಿದ್ದ ಕರಿದ ತಿಂಡಿಯನ್ನೆಲ್ಲ ಒಳಗೆ ಸಾಗಿಸಿದ್ದು. ಎದುರಿನ ಅರ್ಧ ಬಾಗಿಲಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಇಳಿಬಿಟ್ಟೆ, ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರಲ್ಲ, ಅದೇ. ಗೋಳಿಬಜೆ ಒಟ್ಟಿಗೆ ಮಾಡಿ ರಾಶಿ ಹಾಕುವುದನ್ನು ಬಿಟ್ಟೆ, ಕೇಳಿದ ಮೇಲೆ ಬಾಣಲೆಗೆ ಬಿಡುವುದು. ಗ್ಯಾಸು ಸ್ವಲ್ಪ ಜಾಸ್ತಿ ಹೋಯಿತು, ಆದರೆ ಬಿಸಿ ಸಿಗುತ್ತದೆ ಅಂತ ಸುದ್ದಿಯಾಯಿತು. ಅದು ಈಗಲೂ ಹಾಗೆಯೇ ಉಂಟು.

ಗಿರಾಕಿಯ ಲೆಕ್ಕ ಅದೇ ಹೊತ್ತಿಗೆ ಬದಲಾಯಿಸಿದೆ. ಕೆಸರಿಗೆ ಹೆದರಿ ಕಾರಿನವರು ನಿಲ್ಲಿಸುವುದಿಲ್ಲ, ಸರಿ. ಹಾಗಾದರೆ ಇಲ್ಲಿ ಯಾರಿದ್ದಾರೆ? ಕಂಬಿ ಕಟ್ಟುವ ಹುಡುಗರು, ಕ್ರೇನ್ ಆಪರೇಟರ್, ಮಿಕ್ಸರ್ ಲಾರಿಯವರು. ಹೆಚ್ಚಿನವರು ಉತ್ತರದ ಕಡೆಯವರು, ನಮ್ಮ ಕುಚ್ಚಲಕ್ಕಿ ಗಂಜಿ ಅವರಿಗೆ ಆಗುವುದಿಲ್ಲ. ಚಪಾತಿ, ಆಲೂಗಡ್ಡೆ ಪಲ್ಯ, ಮೊಟ್ಟೆ, ಶುಂಠಿ ಹಾಕಿದ ದಪ್ಪ ಚಾ ಶುರು ಮಾಡಿದೆ. ಫ್ಲೈಓವರಿನ ಗರ್ಡರ್, ಅಂದರೆ ದೊಡ್ಡ ತೊಲೆ, ಎತ್ತುವ ರಾತ್ರಿಗಳಲ್ಲಿ ಫ್ಲಾಸ್ಕಿನಲ್ಲಿ ಚಾ ಕಳಿಸುತ್ತಿದ್ದೆ. ನನ್ನ ಹರಕು ಹಿಂದಿಯೂ ಅಲ್ಲೇ ಕಲಿತದ್ದು. ಸಾಲದ ಬಗ್ಗೆ ಒಂದು ಮಾತು: ಕೆಲಸಗಾರರಿಗೆ ಸಾಲ ಕೊಡಿ, ಆದರೆ ಪಗಾರದ ದಿನ ಯಾವಾಗ ಅಂತ ಮೇಸ್ತ್ರಿಯ ಹತ್ತಿರ ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ಇವತ್ತು ಇದ್ದ ತಂಡ ನಾಳೆ ಬೇರೆ ಸೈಟಿಗೆ ಹೋಗಿರುತ್ತದೆ.

ಇನ್ನು ಎಲ್ಲರೂ ಕಡೆಗಣಿಸುವ ಸಂಗತಿ, ರಸ್ತೆಯ ಎತ್ತರ. ಫ್ಲೈಓವರಿನ ಬದಿಗೆ ಕೆಳಗೆ ಹೋಗುವ ಸರ್ವಿಸ್ ರಸ್ತೆಗೆ ಜಲ್ಲಿ ಹಾಕುತ್ತಾರೆ, ರೋಲರ್ ಹೊಡೆಯುತ್ತಾರೆ, ಮತ್ತೆ ಜಲ್ಲಿ, ಮೇಲೆ ಡಾಮರು. ಮುಗಿಯುವಾಗ ರಸ್ತೆ ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿಯದಿದ್ದರೆ ಮಳೆಗಾಲದಲ್ಲಿ ನೀರು ನೇರ ನಿಮ್ಮ ಗಲ್ಲಾಪೆಟ್ಟಿಗೆ ಅಡಿಗೆ. ಇಲ್ಲಿ ಮಳೆ ಅಂದರೆ ಮಳೆ, ಗೊತ್ತಲ್ವಾ. ನಾನು ಸೈಟ್ ಇಂಜಿನಿಯರ್ ಹುಡುಗನನ್ನು ಚಾಕ್ಕೆ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ. "ಇಲ್ಲಿ ಫಿನಿಶ್ ಲೆವೆಲ್ ಎಷ್ಟು ತಮ್ಮಾ? ಚರಂಡಿಯ ಮೇಲಿನ ಅಂಚು ಎಲ್ಲಿಗೆ ಬರ್ತದೆ?" ಅವನು ಡ್ರಾಯಿಂಗ್ ನೋಡಿ ಹೇಳಿದ, ಹತ್ತಿರದ ಕಾಂಕ್ರೀಟಿನ ಮೇಲೆ ಪೇಂಟಿನ ಗೆರೆಯನ್ನೂ ತೋರಿಸಿದ. ನಮ್ಮ ಗಾರೆ ಮೇಸ್ತ್ರಿ ಟ್ಯೂಬ್ ಲೆವೆಲ್ ತಂದರು. ಉದ್ದದ ಪ್ಲಾಸ್ಟಿಕ್ ಪೈಪು, ಒಳಗೆ ನೀರು. ಒಂದು ತುದಿಯನ್ನು ಆ ಪೇಂಟಿನ ಗೆರೆಗೆ ಹಿಡಿದರು, ಇನ್ನೊಂದು ತುದಿ ನನ್ನ ಬಾಗಿಲ ಕಂಬಕ್ಕೆ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಬೆರಳಲ್ಲಿ ಬಡಿದು ಬಡಿದು ಗುಳ್ಳೆ ಮೇಲೆ ಬಿಟ್ಟರು. ನೀರು ಮೇಲೆ ಕೆಳಗೆ ಆಡಿ ನಿಂತಲ್ಲಿ ಮಸಿಯಲ್ಲಿ ಗೆರೆ ಎಳೆದರು. ಗೆರೆ ನನ್ನ ಹೊಸ್ತಿಲಿಗಿಂತ ಮೇಲೆ! ಒಂದು ಗೇಣಿಗೂ ಜಾಸ್ತಿ.

ಮಳೆ ಹಿಡಿಯುವ ಮೊದಲೇ ಕೆಂಪುಕಲ್ಲು ಇಟ್ಟು ಹೊಸ್ತಿಲು ಎತ್ತರಿಸಿದೆವು, ಒಳಗಿನ ನೆಲವನ್ನೂ ಎದುರಿನ ಭಾಗದಲ್ಲಿ ಏರಿಸಿ ಹಿಂದಕ್ಕೆ ಇಳಿಜಾರು ಕೊಟ್ಟೆವು. ಚರಂಡಿಯ ಸ್ಲ್ಯಾಬ್ ನನ್ನ ಅಂಗಡಿ ಎದುರು ಬಿಟ್ಟು ಬಿಟ್ಟು ಇಡದೆ ಒಂದೇ ಸಮ ಹಾಕಿ ಅಂತ ಹೇಳಿ ಮಾಡಿಸಿಕೊಂಡೆ. ಕಾಂಕ್ರೀಟ್ ಹಾಕುವ ಮೊದಲು ಹೇಳಿದ್ದಕ್ಕೆ ಅದು ಸುಲಭವಾಯಿತು. ಆಮೇಲೆ ಕೇಳಿದರೆ ಇಲಾಖೆ, ಕಂಪನಿ, ಪಂಚಾಯತ್ ಅಂತ ಮೂರು ಕಡೆ ಅಲೆಯಬೇಕು. ಚರಂಡಿ ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತಲೂ ನಡೆದು ಹೋಗಿ ನೋಡಿ. ನಮ್ಮಲ್ಲಿ ಒಂದು ಕಡೆ ಅದು ಎಲ್ಲಿಗೂ ಸೇರದೆ ಸುಮ್ನೆ ನಿಂತಿತ್ತು. ಅಂಗಡಿಯವರೆಲ್ಲ ಸೇರಿ ಫೋಟೋ, ತಾರೀಕು ಹಾಕಿ ಬರೆದು ಕೊಟ್ಟ ಮೇಲೆ ತೋಡಿನವರೆಗೆ ತಲುಪಿಸಿದರು. ಬಾಯಿಮಾತಿನ ದೂರಿಗೆ ನೆನಪಿನ ಶಕ್ತಿ ಇಲ್ಲ, ಕಾಗದ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಹೆದ್ದಾರಿಯ 1033 ಸಹಾಯವಾಣಿಯೂ ಉಂಟು, ಮಾಹಿತಿ ಹಕ್ಕಿನಲ್ಲಿ ಕೇಂದ್ರ ಸರ್ಕಾರದ ಕಚೇರಿಗೆ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು.

ಪರಿಹಾರದ ಬಗ್ಗೆ ಬಾಡಿಗೆಯವರು ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಜಾಗದ ಹಣ ಜಾಗದ ಯಜಮಾನರಿಗೆ. 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಬಾಧಿತರಾದ ಸಣ್ಣ ವ್ಯಾಪಾರಿಗಳಿಗೆ ಒಂದು ಬಾರಿಗೆ ಕನಿಷ್ಠ 25,000 ರೂಪಾಯಿ ಅಂತ ಉಂಟು, ಅಂಗಡಿಯೇ ಹೋದವರು ಕೇಳಲೇಬೇಕು. ನನ್ನದು ಎದುರಿನ ಚಪ್ಪರ ಮಾತ್ರ ಹೋದದ್ದು, ಅದಕ್ಕೆ ಏನೂ ಸಿಗಲಿಲ್ಲ.

ಫ್ಲೈಓವರ್ ಓಪನ್ ಆಯಿತು. ಊರಿಗೆ ಒಳ್ಳೆಯದಾಯಿತು, ಅದನ್ನು ಒಪ್ಪಬೇಕು. ಆಂಬುಲೆನ್ಸ್ ಸೈರನ್ ಹಾಕಿಕೊಂಡು ನಮ್ಮ ಎದುರೇ ಸಿಕ್ಕಿಬೀಳುತ್ತಿದ್ದುದು ನಿಂತಿತು. ಮಕ್ಕಳು ರಸ್ತೆ ದಾಟುವಾಗ ಎದೆ ಧಸಕ್ ಅನ್ನುವುದಿಲ್ಲ. ಹೆಂಡತಿಯ ಕೆಮ್ಮು ಹೋಯಿತು. ಆದರೆ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ, ಮೊದಲು ಕೈ ಖಾಲಿ ಇರುತ್ತಿರದ ಹೊತ್ತಿನಲ್ಲಿ, ನೊಣ ಹೊಡೆಯುವ ಕೆಲಸ. ಕೆಲಸಗಾರರೂ ಖಾಲಿಯಾಗಿದ್ದರು. ಕೆ.ಟಿ.ಗೆ ಹೆಸರಿದೆ, ಹುಡುಕಿಕೊಂಡು ಕೆಳಗೆ ಇಳಿಯುತ್ತಾರೆ. ನನ್ನ ಕಲ್ಲಂಗಡಿ ಜ್ಯೂಸಿಗೆ ಯಾರು ಇಳಿಯುತ್ತಾರೆ ಹೇಳಿ?

ಹೀಗಾಗುತ್ತದೆ ಅಂತ ಗೊತ್ತಿದ್ದ ಕಾರಣ ಫ್ಲೈಓವರ್ ಓಪನ್ ಆಗುವ ಮೊದಲೇ ಕೆಲವು ಬದಲಾವಣೆ ಮಾಡಿಟ್ಟಿದ್ದೆ. ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆಯುವುದು, ಬನ್ಸು, ಅವಲಕ್ಕಿ-ಕಡ್ಲೆ ಉಸ್ಲಿ, ಬಸ್ಸು ಹಿಡಿಯುವವರಿಗೆ ಪಾರ್ಸೆಲ್. ಲೋಕಲ್ ಬಸ್ಸು ಕೆಳಗೇ ಬರುತ್ತದಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೋಳಿಬಜೆ. ಮದುವೆ, ಮುಂಜಿ, ಭಜನೆ ಕಾರ್ಯಕ್ರಮಕ್ಕೆ ಸಂಜೆಯ ತಿಂಡಿ ಆರ್ಡರ್. ಟೂರಿಸ್ಟ್ ಪ್ಯಾಕೆಟ್ಟುಗಳನ್ನು ಅರ್ಧಕ್ಕೂ ಕಮ್ಮಿ ಮಾಡಿದೆ, ಎರಡು ಫ್ರಿಜ್ಜಿನಲ್ಲಿ ಒಂದನ್ನು ಮಾರಿದೆ. ಕರೆಂಟ್ ಬಿಲ್ಲು ಇಳಿದದ್ದೇ ಒಂದು ಲಾಭ.

ದಾರಿಹೋಕರನ್ನು ಪೂರ್ತಿ ಬಿಟ್ಟಿಲ್ಲ. ಫ್ಲೈಓವರ್ ಹತ್ತಿಬಿಟ್ಟ ಕಾರು ಮತ್ತೆ ತಿರುಗಿ ಬರುವುದಿಲ್ಲ, ಅದು ಹತ್ತುವ ಮೊದಲೇ ಡ್ರೈವರಿಗೆ ಗೊತ್ತಾಗಬೇಕು. ಹೆದ್ದಾರಿ ಜಾಗದಲ್ಲಿ ಬೋರ್ಡು ಹಾಕಿದರೆ ಕಿತ್ತು ಬಿಸಾಡುತ್ತಾರೆ. ಪರಿಚಯದವರೊಬ್ಬರ ಸ್ವಂತ ಜಾಗದ ಕಾಂಪೌಂಡಿನೊಳಗೆ ಹಾಕಿದೆ. ಬರೆದದ್ದು ಎರಡೇ ಸಾಲು, 'ಬಿಸಿ ಗೋಳಿಬಜೆ' ಮತ್ತು 'ಸರ್ವಿಸ್ ರಸ್ತೆ ಹಿಡಿಯಿರಿ', ಪಕ್ಕದಲ್ಲಿ ಬಾಣ. ಸ್ಪೀಡಿನಲ್ಲಿ ಬರುವವನಿಗೆ ಅಷ್ಟೇ ಓದಲಿಕ್ಕಾಗುವುದು. ಗೂಗಲ್ ಮ್ಯಾಪಿನಲ್ಲಿ ನನ್ನ ಅಂಗಡಿಯ ಗುರುತು ಸರಿಯಾಗಿ ರಸ್ತೆಯ ಮಧ್ಯಕ್ಕೆ ಬಿದ್ದಿತ್ತು, ಹುಡುಕಿ ಬಂದವರು ಮೇಲೆ ನಿಂತು ಫೋನ್ ಮಾಡುತ್ತಿದ್ದರು, "ಅಣ್ಣಾ, ತಲುಪಿದ್ದೀರಿ ಅಂತ ತೋರಿಸ್ತಿದೆ, ಅಂಗಡಿ ಎಲ್ಲಿ?" ಅಂತ. ಮಗಳು ಅದನ್ನು ಸರ್ವಿಸ್ ರಸ್ತೆಯ ಬದಿಗೆ ಎಳೆದು ಸರಿ ಮಾಡಿದಳು. ಹಣ ಖರ್ಚಿಲ್ಲದ ಕೆಲಸ, ಇವತ್ತೇ ನೋಡಿಕೊಳ್ಳಿ.

ಮತ್ತೆ ಬಾಡಿಗೆ. ಹೆದ್ದಾರಿ ಎದುರಿನ ಅಂಗಡಿ ಅಂತ ನಿಗದಿಯಾದ ಬಾಡಿಗೆಯನ್ನು ಫ್ಲೈಓವರ್ ಕೆಳಗೆ ಕೂತು ಕೊಡುವುದು ಕಷ್ಟ. ಯಜಮಾನರ ಹತ್ತಿರ ಎರಡು ವರ್ಷದ ವ್ಯಾಪಾರದ ಪುಸ್ತಕ ಇಟ್ಟು ಮಾತಾಡಿದೆ. ಅವರಿಗೂ ಪಕ್ಕದ ಎರಡು ಕೋಣೆ ಖಾಲಿ ಬಿದ್ದಿತ್ತು. ಸ್ವಲ್ಪ ಇಳಿಸಿದರು, ಈ ವರ್ಷ ಏರಿಸುವುದಿಲ್ಲ ಅಂತಲೂ ಒಪ್ಪಿದರು. ಅದನ್ನು ಕರಾರಿನಲ್ಲಿ ಬರೆಸಿದ್ದೇನೆ.