ಮನೆಯಲ್ಲಿ ಪ್ರಿಂಟ್ ತೆಗೆದ ಕೂಪನ್ ಅಂಗಡಿಯಲ್ಲಿ ನಡೆಯಬೇಕೆ? ಹೀಗೆ ಮಾಡಿ

‘ಇದು ನಡ್ಯಂಗಿಲ್ರಿ ಅಕ್ಕಾರ, ಪೇಪರಿನ್ಯಾಗ ಬಂದ ಕೂಪನ್ನ ಬೇಕ್ರಿ.’ ಹುಬ್ಬಳ್ಳಿಯ ದೊಡ್ಡ ಅಂಗಡಿಗಳ ಬಿಲ್ಲಿಂಗ್ ಕೌಂಟರಿನಲ್ಲಿ ಈ ಮಾತು ಕೇಳಿ ಸಿಟ್ಟಿಗೆದ್ದವರು ಬಹಳ. ‘ಪ್ರಿಂಟ್ ತೆಗೆದು ತನ್ನಿ’ ಎಂದು ಇಮೇಲ್ ಕಳಿಸಿದ್ದು ಕಂಪನಿಯೇ. ಆದರೆ ಟ್ರಾಲಿ ತುಂಬಿದೆ, ಹಿಂದಿನವರು ಗೊಣಗುತ್ತಿದ್ದಾರೆ; ಪೂರ್ತಿ ದುಡ್ಡು ಕೊಟ್ಟು ಹೊರಬರುವುದೇ ಹೆಚ್ಚು.

ಅಂಗಡಿಯವರ ಅಂಜಿಕೆಗೂ ಕಾರಣವಿದೆ. ಎಷ್ಟೋ ಕೂಪನ್‌ಗಳ ರಿಯಾಯಿತಿ ಹಣವನ್ನು ವಸ್ತು ತಯಾರಿಸಿದ ಕಂಪನಿ ಆಮೇಲೆ ಅಂಗಡಿಗೆ ತುಂಬಿಕೊಡುತ್ತದೆ. ಒಂದೇ ಕೋಡಿನ ಝೆರಾಕ್ಸ್ ಹಿಡಿದು ಹತ್ತು ಜನ ಬಂದರೆ ಒಂಬತ್ತರ ನಷ್ಟ ಅಂಗಡಿಯ ತಲೆಗೆ. ಕೌಂಟರಿನ ಹುಡುಗನ ಮೇಲೆ ಹರಿಹಾಯ್ದು ಉಪಯೋಗವಿಲ್ಲ, ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ಕೂಪನ್ನಿನ ಸಣ್ಣಕ್ಷರ ಓದಿ. ಕೊನೆಯ ದಿನಾಂಕ, ಕನಿಷ್ಠ ಬಿಲ್ ಮೊತ್ತ, ‘ಆಯ್ದ ಮಳಿಗೆಗಳಲ್ಲಿ ಮಾತ್ರ’ ಎಂಬ ಸಾಲು ನೋಡಿಕೊಳ್ಳಿ. ಫ್ರಾಂಚೈಸಿ ಅಂಗಡಿಯಾದರೆ ಕಂಪನಿಯ ಆಫರ್ ಅಲ್ಲಿ ಇಲ್ಲದೆಯೂ ಇರಬಹುದು. ಹೊರಡುವ ಮುಂಚೆ ಒಂದು ಫೋನ್ ಮಾಡಿ.

ಇನ್ನು ಪ್ರಿಂಟು. ಅರ್ಧ ಜಗಳ ಹುಟ್ಟುವುದೇ ಬಾರ್‌ಕೋಡ್ ಸ್ಕ್ಯಾನ್ ಆಗದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ಬೇಡ. ಅದರ ಗೆರೆಗಳು ಮಸುಕಾಗಿರುತ್ತವೆ. ಮೂಲ ಪಿಡಿಎಫ್‌ನಿಂದಲೇ, ಅಳತೆ ಶೇ 100 ಇಟ್ಟು, ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ತೆಗೆಯಿರಿ. ಶಾಯಿ ಉಳಿಸುವ ‘ಡ್ರಾಫ್ಟ್’ ಆಯ್ಕೆ ಬೇಡ. ಬಾರ್‌ಕೋಡಿನ ಎಡಬಲದ ಖಾಲಿ ಜಾಗ ಕತ್ತರಿಸಬೇಡಿ, ಸ್ಕ್ಯಾನರಿಗೆ ಅದೂ ಬೇಕು. ಮಡಚಿದರೆ ಮಡಿಕೆ ಗೆರೆಗಳ ಮೇಲೆ ಬೀಳದಿರಲಿ. ಇಂಕ್‌ಜೆಟ್‌ನಲ್ಲಿ ಶಾಯಿ ಹರಡಿದರೆ ಝೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ. ಬರುವಾಗ ಅಲ್ಲಿನ ಕಂಪ್ಯೂಟರಿನಿಂದ ಫೈಲ್ ಅಳಿಸಿ ಬನ್ನಿ, ಇಲ್ಲದಿದ್ದರೆ ನಿಮ್ಮ ಕೋಡ್ ನಿಮಗಿಂತ ಮುಂಚೆ ಬೇರೆಯವರು ಬಳಸಿಯಾರು!

ಅಂಗಡಿಗೆ ಹೋದಮೇಲೆ ಸಾಮಾನು ಆರಿಸುವ ಮೊದಲೇ ಕೂಪನ್ ತೋರಿಸಿ, ಮ್ಯಾನೇಜರ್ ಹತ್ತಿರ ಹೌದು ಅನ್ನಿಸಿಕೊಳ್ಳಿ. ಮೂಲ ಇಮೇಲ್ ಮೊಬೈಲಿನಲ್ಲಿ ಸಿದ್ಧವಿರಲಿ. ಆಗಲೂ ಒಲ್ಲೆ ಎಂದರೆ ಕಾರಣವನ್ನು ಕೂಪನ್ನಿನ ಹಿಂದೆ ಬರೆದು, ದಿನಾಂಕ ಹಾಕಿಕೊಡಲು ಕೇಳಿ. ಬರೆದುಕೊಡುವವರು ಕಡಿಮೆ. ಹಾಗಾದರೆ ಅಲ್ಲಿಂದಲೇ ಕಂಪನಿಗೆ ಇಮೇಲ್ ಹಾಕಿ. ಯಾವ ಅಂಗಡಿ, ಎಷ್ಟು ಗಂಟೆ, ಏನು ಹೇಳಿದರು ಎಲ್ಲ ಬರೆಯಿರಿ. ಖರೀದಿಸಿದ್ದರೆ ಬಿಲ್ ಜೋಪಾನ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತಾರೆ. ಐವತ್ತು ರೂಪಾಯಿ ಕೂಪನ್ನಿಗೆ ಇಷ್ಟೇ ಸಾಕೆಂದು ನನ್ನ ಅನಿಸಿಕೆ.

ವಾಷಿಂಗ್ ಮಷಿನ್ ಮೇಲಿನ ಸಾವಿರಾರು ರೂಪಾಯಿ ರಿಯಾಯಿತಿಯಾದರೆ ಮಾತು ಬೇರೆ. ಕೊಡುವ ಉದ್ದೇಶವಿಲ್ಲದ ಅಗ್ಗದ ಬೆಲೆಯನ್ನು ಜಾಹೀರಾತು ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಧಾರವಾಡದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಘಟನೆ ನಡೆದು 2 ವರ್ಷದೊಳಗೆ ದೂರು ದಾಖಲಾಗಬೇಕು.