ರಾತ್ರಿ ಬಾಗಿಲು ಎಷ್ಟು ಸಲ ತೆರೆಯಿತು?

ರಾತ್ರಿ ಎರಡು ಗಂಟೆ. ಬಿಪಿ ನೋಡಲು ಒಳಗೆ ಹೋದೆ. ಏಳು ವರ್ಷದ ಹುಡುಗ, ಹಾವೇರಿ ಕಡೆಯವನು. ತಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಗೆ ಅಕ್ಕನ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಕೋಶ, ಹಾಕಿ ಒಂಬತ್ತು ದಿನ ಆಗಿತ್ತು. ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಅವನ ಅಮ್ಮ ನನ್ನ ಕೈ ಹಿಡಿದರು. "ಸಿಸ್ಟರ್, ಈಗ ನಿದ್ದಿ ಹತ್ತೇತ್ರಿ. ಒಂದೀಟು ಮಲಗಾಕ ಬಿಡ್ರಿ."

ನಾನು ಬಿಪಿ ನೋಡಿದೆ. ಹುಡುಗ ಎದ್ದ, ಅತ್ತ. ಬಾಯಿ ತುಂಬಾ ಹುಣ್ಣು ಇತ್ತು, ಅತ್ತರೆ ಇನ್ನೂ ನೋವು. ಬೆಳಿಗ್ಗೆ ಡ್ಯೂಟಿ ಮುಗಿಸುವಾಗ ಅವನ ಫೈಲ್ ತಿರುವಿದೆ. ಹಿಂದಿನ ರಾತ್ರಿಯ ಪುಟದಲ್ಲಿ "ಮಗು ಚೆನ್ನಾಗಿ ಮಲಗಿದೆ" ಎಂದಿತ್ತು. ಅಕ್ಷರ ನನ್ನದೇ. ಅವನು ಎಷ್ಟು ಹೊತ್ತು ಮಲಗಿದ್ದ ಅಂತ ನಾನು ಯಾವತ್ತೂ ನೋಡಿರಲೇ ಇಲ್ಲ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ಬಿಎಂಟಿ ವಾರ್ಡಿನಲ್ಲಿ, ಅಂದರೆ ಮೂಳೆ ಮಜ್ಜೆಯ ಕಸಿ ಮಾಡುವ ವಾರ್ಡಿನಲ್ಲಿ ನರ್ಸ್. ಕಸಿಗೆ ಮುಂಚೆ ಜೋರು ಕೀಮೋ ಕೊಟ್ಟು ಹಳೆಯ ಮಜ್ಜೆ ತೆಗೆಯುತ್ತಾರೆ. ಆಮೇಲೆ ಹೊಸ ಕೋಶಗಳು ಊರುವ ತನಕ ಎರಡು, ಮೂರು, ಕೆಲವೊಮ್ಮೆ ನಾಲ್ಕು ವಾರ ಕಾಯಬೇಕು. ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 500 ದಾಟಿ ಮೂರು ದಿನ ಅಲ್ಲೇ ನಿಂತರೆ "ಕೌಂಟ್ ಬಂತು" ಅಂತ ಎಲ್ಲರಿಗೂ ಖುಷಿ. ಅಲ್ಲಿಯವರೆಗೆ ಸೋಂಕು ತಗಲಬಾರದು ಅಂತ ಮಗು ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ. ಮೇಲೆ ಗಾಳಿ ಸೋಸುವ ಹೆಪಾ ಫಿಲ್ಟರ್ ಹಗಲು ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಏಳು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಈ ಕೋಣೆಯಲ್ಲಿ ಅದೆಲ್ಲಿಂದ ಬರಬೇಕು?

ಮಾರನೇ ರಾತ್ರಿ ಅವನ ಬಾಗಿಲಿನ ಹೊರಗೆ ಒಂದು ಕಾಗದ ಅಂಟಿಸಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ಒಳಗೆ ಯಾರೇ ಬಾಗಿಲು ತೆಗೆದರೂ ಒಂದು ಗೆರೆ ಎಳೆಯಬೇಕು, ಯಾಕೆ ಅಂತ ಒಂದು ಪದ ಬರೆಯಬೇಕು. ಅಷ್ಟೇ. ಒಂದು ವಾರ ಹಾಗೆ ಇಟ್ಟೆವು. ಒಂದು ರಾತ್ರಿ 19 ಗೆರೆ ಇದ್ದವು.

ಕಾರಣಗಳನ್ನು ಓದುತ್ತಾ ಹೋದಂತೆ ನನಗೆ ಹೊಟ್ಟೆ ಚುರುಕ್ ಅಂದಿತು. ಔಷಧಿ ಹನಿಸುವ ಪಂಪ್ ಬೀಪ್, ಪಂಪ್ ಬೀಪ್, ಆಂಟಿಬಯೋಟಿಕ್, ಬಿಪಿ, ಮತ್ತೆ ಪಂಪ್. ನಾಲ್ಕು ಗಂಟೆಗೆ ಪರೀಕ್ಷೆಗೆ ರಕ್ತ ತೆಗೆಯುವುದು. ಐದೂವರೆಗೆ ನೆಲ ಒರೆಸುವುದು. ಆರಕ್ಕೆ ಐದು ನಿಮಿಷ ಇರುವಾಗ ತೂಕ. ಕಾಯಿಲೆಯಿಂದ ಎದ್ದದ್ದಕ್ಕಿಂತ ನಮ್ಮಿಂದ ಎದ್ದದ್ದೇ ಜಾಸ್ತಿ.

ಕಾಗದವನ್ನು ರೌಂಡ್ಸ್‌ನಲ್ಲಿ ಡಾಕ್ಟರ್ ಮೇಡಂ ಮುಂದೆ ಇಟ್ಟೆ. ರಾತ್ರಿಯ ಕೆಲಸ ಕಡಿಮೆ ಮಾಡುವುದು ನರ್ಸ್ ಸ್ವಂತವಾಗಿ ತೀರ್ಮಾನಿಸುವ ವಿಷಯ ಅಲ್ಲ, ಆರ್ಡರ್ ಬೇಕು. ಅವರು ಷರತ್ತು ಹಾಕಿ ಬರೆದುಕೊಟ್ಟರು. ಇಡೀ ದಿನ ಜ್ವರ ಇರಬಾರದು. ಬಿಪಿ, ಆಕ್ಸಿಜನ್ ಸರಿ ಇರಬೇಕು. ರಕ್ತಸ್ರಾವ ಇರಬಾರದು. ಹಾಗಿದ್ದರೆ ಮಧ್ಯರಾತ್ರಿಯಿಂದ ಐದರವರೆಗೆ ಮುಟ್ಟಬೇಡಿ, ಹೊರಗಿನ ಮಾನಿಟರ್‌ನಲ್ಲಿ ಮಾತ್ರ ನೋಡಿ. ಇದರಲ್ಲಿ ಒಂದು ತಪ್ಪಿದರೂ ಹಳೇ ಕ್ರಮವೇ.

ಉಳಿದದ್ದು ಕೂಡಿಸುವ ಕೆಲಸ. ಹನ್ನೆರಡರ ಆಂಟಿಬಯೋಟಿಕ್ ಹಾಕಲು ಹೋಗುವಾಗಲೇ ಬಿಪಿ, ಡೈಪರ್ ಅಥವಾ ಉಚ್ಚೆ, ಔಷಧಿ ಹೋಗುವ ಲೈನ್ ನೋಡುವುದು, ಎಲ್ಲಾ ಒಂದೇ ಸಲ. ರಕ್ತಸ್ರಾವ ತಡೆಯುವ ಪ್ಲೇಟ್ಲೆಟ್ ಬೇಕು ಅಂತ ಬೆಳಗಿನ ರಿಪೋರ್ಟಿನಲ್ಲೇ ಗೊತ್ತಾಗುತ್ತದೆ. ಬ್ಲಡ್ ಬ್ಯಾಂಕಿಗೆ ಆಗಲೇ ಹೇಳಿದರೆ ಸಂಜೆಯೊಳಗೆ ಹಾಕಿ ಮುಗಿಸಬಹುದು. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಆರಂಭದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಮಗುವನ್ನು ಮುಟ್ಟಲೇಬೇಕಲ್ವಾ? ನಾಲ್ಕು ಗಂಟೆಯ ರಕ್ತ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ರೌಂಡ್ಸ್‌ಗೆ ಮುಂಚೆ ರಿಪೋರ್ಟ್ ಬರಬೇಕು ಅನ್ನುವುದು ಹಳೇ ರೂಢಿ. ಲ್ಯಾಬ್‌ನವರ ಹತ್ತಿರ ಮೂರು ಸಲ ಹೋಗಿ ಕೂತು ಮಾತಾಡಿದೆ. ಬಿಎಂಟಿಯ ಟ್ಯೂಬ್‌ಗಳನ್ನು ಮೊದಲು ತೆಗೆದುಕೊಳ್ಳುತ್ತೇವೆ ಅಂತ ಅವರು ಒಪ್ಪಿದ ಮೇಲೆ ಅದು ಆರು ಗಂಟೆಗೆ ಬಂತು.

ಪಂಪ್ ಬಗ್ಗೆ ನನ್ನ ಜೂನಿಯರ್‌ಗಳಿಗೆ ಒಂದೇ ಮಾತು ಹೇಳುತ್ತೇನೆ. ಅದು ಕೂಗುವ ಮುಂಚೆ ನೀನು ಅಲ್ಲಿರಬೇಕು. ಔಷಧಿ ಎಷ್ಟಕ್ಕೆ ಮುಗಿಯುತ್ತದೆ ಅಂತ ಅಂಗೈ ಅಗಲದ ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಮಕ್ಕಳು ಮಗ್ಗುಲು ಬದಲಿಸಿದಾಗ ಲೈನ್ ಮಡಚಿ ಬೀಪ್ ಆಗುತ್ತದೆ. ಅದಕ್ಕೆ ಮಲಗಿಸುವ ಮುಂಚೆಯೇ ಉದ್ದದ ಟ್ಯೂಬ್ ಹಾಕಿ, ಬೆನ್ನ ಕೆಳಗೆ ಹೋಗದ ಹಾಗೆ ಬಟ್ಟೆಗೆ ಅಂಟಿಸುತ್ತೇವೆ. ಆಸ್ಪತ್ರೆಯ ಕೋಣೆಯಲ್ಲಿ ರಾತ್ರಿ ಸದ್ದು 30 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಾವು ಸುಮ್ನೆ ಮಾತಾಡಿದರೂ ಸುಮಾರು 60 ಆಗುತ್ತದೆ. ಡ್ಯೂಟಿ ಬದಲಾಗುವಾಗ ಬಾಗಿಲ ಮುಂದೆ ನಿಂತು ಹ್ಯಾಂಡ್‌ಓವರ್ ಕೊಡುವುದನ್ನು ಅವತ್ತೇ ಬಿಟ್ಟೆವು.

ಬಿಡಲಾಗದ ರಾತ್ರಿಗಳೂ ಇವೆ. ಥಿಯೋಟೆಪ ಅನ್ನುವ ಕೀಮೋ ಬೆವರಿನಲ್ಲಿ ಹೊರಬಂದು ಚರ್ಮ ಸುಡುತ್ತದೆ. ಆ ದಿನಗಳಲ್ಲಿ ರಾತ್ರಿಯೂ ಎಬ್ಬಿಸಿ ಸ್ನಾನ ಮಾಡಿಸಬೇಕು, ಬಟ್ಟೆ ಹಾಸಿಗೆ ಬದಲಿಸಬೇಕು. ಅಲ್ಲಿ ಕನಿಕರ ತೋರಿಸಿ ಬಿಟ್ಟರೆ ಮಗುವಿಗೇ ಗಾಯ. ಕೌಂಟ್ ಸೊನ್ನೆ ಇರುವಾಗ ಜ್ವರ ಬಂದರೂ ಹಾಗೇ. ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು, ಎಷ್ಟು ಹೊತ್ತಾಗಿದ್ದರೂ ಸರಿ. ತಾಯಂದಿರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಿದ್ದೆ ಇಲ್ಲ, ಇಂಥ ದಿನದಿಂದ ಬಿಡುತ್ತೇವೆ ಅಂದರೆ ಅವರು ತಡೆದುಕೊಳ್ಳುತ್ತಾರೆ.

ನೋವು ಇದ್ದರೆ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಬಾಯಿ ಹುಣ್ಣಿಗೆ ಮಾರ್ಫಿನ್ ಸಾಲುತ್ತಿದೆಯಾ ಅಂತ ಮಲಗುವ ಮುಂಚೆ ಕೇಳಿಯೇ ಕೇಳುತ್ತೇನೆ. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ. ದಿನಕ್ಕೆ ಎರಡು ಸಲ ಇದ್ದರೆ ಎರಡನೆಯದನ್ನು ರಾತ್ರಿಯ ಬದಲು ಮಧ್ಯಾಹ್ನವೇ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಮೈಯ ನೀರನ್ನು ಉಚ್ಚೆಯಲ್ಲಿ ಇಳಿಸುವ ಇಂಜೆಕ್ಷನ್ನೂ ಅಷ್ಟೇ. ರಾತ್ರಿ ಕೊಟ್ಟರೆ ಮಗು ಗಂಟೆಗೊಮ್ಮೆ ಉಚ್ಚೆಗೆ ಏಳುತ್ತದೆ.

ಹಗಲು ಹಗಲಿನ ಹಾಗೆ ಇರಬೇಕು. ಏಳಕ್ಕೆ ಪರದೆ ಸರಿಸುವುದು, ಸ್ನಾನ, ಬೇರೆ ಬಟ್ಟೆ, ಆಗುವಷ್ಟು ಹೊತ್ತು ಕುರ್ಚಿಯಲ್ಲಿ ಕೂರಿಸುವುದು. ನಮ್ಮ ಹುಡುಗ ಹಗಲೆಲ್ಲಾ ತೂಕಡಿಸಿ ರಾತ್ರಿ ಒಂದರವರೆಗೆ ಮೊಬೈಲ್ ನೋಡುತ್ತಿದ್ದ. ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ, ಅವನಿಗೆ ಬೇರೆ ಏನಿತ್ತು? ಊರಲ್ಲಿದ್ದ ಅಜ್ಜಿಗೆ ಫೋನ್ ಮಾಡಿದೆವು. ಅವರು ಕಾಗಕ್ಕ ಗುಬ್ಬಕ್ಕನ ಕಥೆ, ಆಮೇಲೆ ಅವರ ಎಮ್ಮೆ ಕಳೆದುಹೋದ ಕಥೆ, ದಿನಕ್ಕೊಂದು ರೆಕಾರ್ಡ್ ಮಾಡಿ ಕಳಿಸಿದರು. ಒಂಬತ್ತಕ್ಕೆ ಅಪ್ಪನ ವಿಡಿಯೋ ಕಾಲ್, ಆಮೇಲೆ ಸ್ಕ್ರೀನ್ ಆಫ್, ದೀಪ ಸಣ್ಣದು, ಅಜ್ಜಿಯ ದನಿ ಮಾತ್ರ. ಎಮ್ಮೆ ಸಿಗುವ ಮುಂಚೆ ಅವನಿಗೆ ನಿದ್ದೆ ಹತ್ತುತ್ತಿತ್ತು.

ತಾಯಿ ಮಾತ್ರ ಮಲಗುತ್ತಿರಲಿಲ್ಲ. ಮಾನಿಟರ್ ನೋಡುತ್ತಾ ಕೂತೇ ಇರುತ್ತಿದ್ದರು, ಅಂಕಿ ಸ್ವಲ್ಪ ಅಲುಗಿದರೂ ಮಗನ ಮೈ ಮುಟ್ಟಿ ನೋಡುತ್ತಿದ್ದರು. ಒಂದು ರಾತ್ರಿ ಅವರನ್ನು ಕೋಣೆಯ ಗಾಜಿನ ಹತ್ತಿರ ನಿಲ್ಲಿಸಿ ನನ್ನ ಮೇಜು ತೋರಿಸಿದೆ. "ನೋಡಿ ಅಮ್ಮಾ, ಅದೇ ಅಂಕಿ ನನ್ನ ಹತ್ತಿರವೂ ಬರುತ್ತೆ. ನಾನು ಎದ್ದಿರ್ತೀನಿ, ನೀವು ಮಲಗಿ." ಮಾನಿಟರ್‌ನ ಮುಖವನ್ನು ಅವರ ಮಂಚದಿಂದ ಆಚೆ ತಿರುಗಿಸಿದೆ. ಅವತ್ತು ಇಬ್ಬರೂ ಮಲಗಿದರು.

ನಿದ್ದೆ ಮಾಡಿದರೆ ಕೌಂಟ್ ಬೇಗ ಬರುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿದ್ದೆ ಮಾಡಿದ ಮಗು ಬೆಳಿಗ್ಗೆ ಬಾಯಿ ತೊಳೆಯಲು ಬಿಡುತ್ತದೆ, ಮಾತ್ರೆ ನುಂಗುತ್ತದೆ, ನಾಲ್ಕು ಹೆಜ್ಜೆ ನಡೆಯುತ್ತದೆ. ಅದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಈಗ ಎಲ್ಲಾ ಕೋಣೆಗಳ ಬಾಗಿಲಲ್ಲೂ ಆ ಕಾಗದ ಇದೆ. ಫೈಲಿನಲ್ಲಿ "ಚೆನ್ನಾಗಿ ಮಲಗಿದೆ" ಅಂತ ಬರೆಯುವುದನ್ನು ನಿಲ್ಲಿಸಿದ್ದೇನೆ. ಆ ಹುಡುಗನ ಕೊನೆಯ ವಾರದ ಒಂದು ಪುಟದಲ್ಲಿ ಹೀಗೆ ಬರೆದಿದ್ದೆ: 9.40ಕ್ಕೆ ಮಲಗಿದ. 12ಕ್ಕೆ ಔಷಧಿ, ಕಣ್ಣು ಬಿಡಲಿಲ್ಲ. 3.10ಕ್ಕೆ ಉಚ್ಚೆಗೆ ಎದ್ದ, ಎಮ್ಮೆ ಸಿಕ್ತಾ ಅಂತ ಕೇಳಿದ. 3.20ಕ್ಕೆ ಮತ್ತೆ ಮಲಗಿದ. 6ಕ್ಕೆ ನಾವೇ ಎಬ್ಬಿಸಿದೆವು.