ಕ್ಯಾಲೆಂಡರಿನ ಒಂದು ಮನೆಯೊಳಗೆ ಮೂರು ದಿನಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಪಕ್ಕದ ಗಲ್ಲಿಯೊಂದರಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಇವುಗಳ ನಡುವೆ ಪ್ರತಿ ವರ್ಷ ದಸರೆ ಮುಗಿದ ಕೂಡಲೇ ತೂಗುಕ್ಯಾಲೆಂಡರಿನ ಕೆಲಸ ಆರಂಭವಾಗುತ್ತದೆ. ಮೊದಲೆಲ್ಲ ನಾವು ತಿಂಗಳ ಹಾಳೆಗಳನ್ನು ಬೇರೆಡೆಯಿಂದ ಸಿದ್ಧವಾಗಿ ತರಿಸಿಕೊಂಡು, ಮೇಲ್ಭಾಗದಲ್ಲಿ ಅಂಗಡಿಯವರ ಹೆಸರನ್ನಷ್ಟೇ ಅಚ್ಚು ಹಾಕಿ, ತಗಡಿನ ಪಟ್ಟಿ ಬಿಗಿದು ಕೊಡುತ್ತಿದ್ದೆವು. ಸುಮಾರು ಹನ್ನೆರಡು ವರ್ಷಗಳ ಹಿಂದೆ, ಗಿರಾಕಿಗಳೆಲ್ಲ ಕಲಬುರಗಿಯವರೇ ಆಗಿರುವಾಗ ಸೂರ್ಯೋದಯ ಮಾತ್ರ ಬೆಂಗಳೂರಿನದೇಕೆ ಎಂಬ ಹಟಕ್ಕೆ ಬಿದ್ದು, ತಾರೀಖಿನ ಮನೆಗಳನ್ನು ನಾನೇ ತುಂಬತೊಡಗಿದೆ. ಒಂದು ಮನೆಯ ಅಳತೆ ಅಗಲಕ್ಕೆ ನಾಲ್ಕೂವರೆ ಸೆಂಟಿಮೀಟರ್, ಎತ್ತರಕ್ಕೆ ಐದು. ಅಷ್ಟು ಜಾಗದಲ್ಲಿ ಒಂದು ದಿನವನ್ನು ಕೂರಿಸುವುದಕ್ಕೆ ಇಷ್ಟು ವರ್ಷ ಬೇಕಾಗುತ್ತದೆಂದು ಆಗ ತಿಳಿದಿದ್ದರೆ ಬಹುಶಃ ಬಿಲ್ ಪುಸ್ತಕಗಳಲ್ಲೇ ತೃಪ್ತನಾಗಿರುತ್ತಿದ್ದೆ.

ತೊಡಕು ಏನೆಂದರೆ, ನಮ್ಮ ಊರಿನಲ್ಲಿ ದಿನವೆಂಬುದು ಮೂರು ಬೇರೆ ಬೇರೆ ಹೊತ್ತಿಗೆ ಹುಟ್ಟುತ್ತದೆ. ಬ್ಯಾಂಕು, ರೈಲು, ಕಚೇರಿಗಳಿಗೆ ಅದು ನಡುರಾತ್ರಿ ಹನ್ನೆರಡಕ್ಕೆ ಆರಂಭ. ಪಂಚಾಂಗ ನೋಡುವವರಿಗೆ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಒಂದು ದಿನ. ಬಂದೇ ನವಾಜ್ ದರ್ಗಾದ ಸುತ್ತಲಿನ ಮೊಹಲ್ಲಾಗಳಲ್ಲಿ ಮುಸ್ಲಿಮರ ಹಿಜರಿ ತಾರೀಖು ಬದಲಾಗುವುದು ಹೊತ್ತು ಮುಳುಗಿದಾಗ. ಕ್ಯಾಲೆಂಡರಿನಲ್ಲಿ ಎರಡು ಮನೆಗಳ ನಡುವೆ ಎಳೆಯಲು ನನಗಿರುವುದು ಒಂದೇ ಗೆರೆ.

ಸೂರ್ಯೋದಯವನ್ನು ಸುಲಭವೆಂದುಕೊಂಡೆ. ಕಲಬುರಗಿ ಬೆಂಗಳೂರಿಗಿಂತ ಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ, ಬೆಂಗಳೂರಿನ ವೇಳೆಗೆಲ್ಲ ಮೂರು ನಿಮಿಷ ಕೂಡಿಸಿ ಮೊದಲ ವರ್ಷದ ಕ್ಯಾಲೆಂಡರನ್ನು ಮುಗಿಸಿಬಿಟ್ಟೆ. ಅದು ಶುದ್ಧ ತಪ್ಪಾಗಿತ್ತು. ನಾವು ಬೆಂಗಳೂರಿಗಿಂತ ನಾಲ್ಕು ಡಿಗ್ರಿಗೂ ಹೆಚ್ಚು ಉತ್ತರದಲ್ಲಿದ್ದೇವೆ ಎಂಬುದನ್ನು ಮರೆತಿದ್ದೆ. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಹಿಗ್ಗುತ್ತದೆ, ಚಳಿಗಾಲದ ಹಗಲು ಕುಗ್ಗುತ್ತದೆ. ಹೀಗಾಗಿ ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು 6 ಗಂಟೆ 48 ನಿಮಿಷಕ್ಕೆ, ಅಂದರೆ ಬೆಂಗಳೂರಿಗಿಂತ ಹನ್ನೊಂದು ನಿಮಿಷ ತಡವಾಗಿ. ಜೂನ್ 21ಕ್ಕೆ ತಿರುಗಾಮುರುಗಾ ಆಗಿ, ನಾವು ಪಶ್ಚಿಮದಲ್ಲಿದ್ದರೂ ಐದು ನಿಮಿಷ ಮೊದಲೇ, 5 ಗಂಟೆ 49 ನಿಮಿಷಕ್ಕೆ ಹುಟ್ಟುತ್ತಾನೆ. ಹಗಲಿನ ಉದ್ದ ಇಲ್ಲಿ ಜೂನ್‌ನಲ್ಲಿ ಸುಮಾರು 13 ಗಂಟೆ 10 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 5 ನಿಮಿಷ.

ಹನ್ನೊಂದು ನಿಮಿಷದಲ್ಲಿ ಏನಾಗುತ್ತದೆ ಎಂದು ನಮ್ಮ ಆಪರೇಟರ್ ಕೇಳಿದ್ದುಂಟು. ಉಪವಾಸದ ದಿನವೇ ಬದಲಾಗಬಹುದು. ಮಾಧ್ವ ಮನೆತನಗಳಲ್ಲಿ ಏಕಾದಶಿಯನ್ನು ನಿರ್ಧರಿಸುವುದು ಅರುಣೋದಯದಿಂದ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ನಮ್ಮ ಲೆಕ್ಕದಲ್ಲಿ 96 ನಿಮಿಷ, ಮುಂಚಿನ ಹೊತ್ತಿನಿಂದ. ಆ ಹೊತ್ತಿಗೆ ದಶಮಿಯ ಶೇಷ ಇದ್ದರೆ ಉಪವಾಸ ಮರುದಿನಕ್ಕೆ ಹೋಗುತ್ತದೆ. ಡಿಸೆಂಬರ್ 21ರ ಸುಮಾರಿನ ಒಂದು ಬೆಳಗಿನ ಜಾವ 5 ಗಂಟೆ 7 ನಿಮಿಷಕ್ಕೆ ದಶಮಿ ಮುಗಿಯಿತೆಂದು ಇಟ್ಟುಕೊಳ್ಳಿ. ಬೆಂಗಳೂರಿನ ಅರುಣೋದಯ 5-01ಕ್ಕೆ. ಅಲ್ಲಿ ದಶಮಿ ತಗಲಿತು. ಕಲಬುರಗಿಯ ಅರುಣೋದಯ 5-12ಕ್ಕೆ. ಇಲ್ಲಿ ಅದು ಶುದ್ಧ ಏಕಾದಶಿ. ತಿಥಿ ಮುಗಿಯುವ ಕ್ಷಣ ಎಲ್ಲ ಊರಿಗೂ ಒಂದೇ, ಏಕೆಂದರೆ ಅದು ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿಯುವ ಲೆಕ್ಕ. ಊರಿಂದೂರಿಗೆ ಬದಲಾಗುವುದು ಸೂರ್ಯೋದಯ, ಅದರಿಂದಾಗಿ ದಿನ.

ಇದನ್ನು ಅರ್ಥ ಮಾಡಿಕೊಳ್ಳುವ ಮುನ್ನ ಇನ್ನೊಂದು ಹಳ್ಳಕ್ಕೆ ಬಿದ್ದೆ. ಹಳೆಯ ಕ್ರಮದ ಪಂಚಾಂಗಗಳಲ್ಲಿ ತಿಥಿಯ ಅಂತ್ಯವನ್ನು ಗಂಟೆಯಲ್ಲಿ ಕೊಡದೆ, ಸೂರ್ಯೋದಯದಿಂದ ಇಷ್ಟು ಘಳಿಗೆ, ಇಷ್ಟು ವಿಘಳಿಗೆ ಎಂದು ಕೊಟ್ಟಿರುತ್ತಾರೆ. ಒಂದು ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ 24 ನಿಮಿಷ, ಒಂದು ವಿಘಳಿಗೆಗೆ 24 ಸೆಕೆಂಡು. ಐವತ್ತೊಂದು ಘಳಿಗೆ ಮೂವತ್ತು ವಿಘಳಿಗೆ ಎಂದರೆ 20 ಗಂಟೆ 36 ನಿಮಿಷ. ಅದನ್ನು 6-48ಕ್ಕೆ ಕೂಡಿಸಿದರೆ ನಸುಕಿನ 3-24. ನಾನು ಮಾಡಿದ ತಪ್ಪೆಂದರೆ, ಬೇರೆ ಊರಿನ ಸೂರ್ಯೋದಯದಿಂದ ಎಣಿಸಿದ ಘಳಿಗೆಗಳನ್ನು ತಂದು ನಮ್ಮ ಊರಿನ ಸೂರ್ಯೋದಯಕ್ಕೆ ಕೂಡಿಸಿದ್ದು. ಯಾವ ಊರಿನ ಪಂಚಾಂಗವೋ ಆ ಊರಿನ ಸೂರ್ಯೋದಯಕ್ಕೆ ಕೂಡಿಸಿ, ಬಂದ ಗಡಿಯಾರದ ವೇಳೆಯನ್ನು ಮಾತ್ರ ಇಲ್ಲಿಗೆ ತರಬೇಕು.

ಗಂಟೆಯ ಲೆಕ್ಕದ ಪಂಚಾಂಗಗಳಲ್ಲಿ ಬೇರೆಯದೇ ಗಮ್ಮತ್ತು. ಅವುಗಳಲ್ಲಿ ಕೆಲವು ನಡುರಾತ್ರಿ ದಾಟಿದ ಮೇಲೂ ಎಣಿಕೆಯನ್ನು ನಿಲ್ಲಿಸುವುದಿಲ್ಲ. ರಾತ್ರಿ ಎರಡೂ ಹತ್ತನ್ನು 26-10 ಎಂದೇ ಅಚ್ಚು ಹಾಕುತ್ತವೆ, ಏಕೆಂದರೆ ಅವರ ಪಾಲಿಗೆ ಆ ದಿನ ಇನ್ನೂ ಮುಗಿದಿಲ್ಲ. ಇಪ್ಪತ್ತಾರು ಗಂಟೆ ಎಂಬುದೊಂದು ಇರುವುದಿಲ್ಲ, ಇದು ಬೆರಳಚ್ಚಿನ ತಪ್ಪು ಎಂದು ನಮ್ಮ ಹುಡುಗ ಜಾಣತನದಿಂದ ಇಂಥವನ್ನೆಲ್ಲ 16-10 ಮಾಡಿಬಿಟ್ಟಿದ್ದ. ಮಾರ್ಚ್ ಹಾಳೆಯ ಪ್ರೂಫಿನಲ್ಲಿ ಹೋಳಿ ಹುಣ್ಣಿಮೆಯ ನಂತರದ ತಿಥಿಗಳನ್ನು ನೋಡುವಾಗ ನನಗೆ ಅನುಮಾನ ಬಂತು. ಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ. ಈ ಊರಿನಲ್ಲಿ ಆ ಪಂಚಮಿಯನ್ನು ತಪ್ಪಿಸಿದವನು ಮತ್ತೆ ಕ್ಯಾಲೆಂಡರ್ ಮಾರಲಾರ.

ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಬಾರದೆ, ಎರಡನೆಯ ವರ್ಷ ಮಾಳಿಗೆಯ ಮೇಲೆ ಅಳತೆಗೆ ಇಳಿದೆ. ಸೂರ್ಯೋದಯವನ್ನು ಕಣ್ಣಿನಿಂದ ಅಳೆಯುವುದು ಊರೊಳಗೆ ಆಗದ ಮಾತು. ನೀರಿನ ಟ್ಯಾಂಕುಗಳೂ ಹೊಗೆಯೂ ಅಡ್ಡ ಬರುತ್ತವೆ. ಅದರ ಬದಲು ನಡುಹಗಲನ್ನು ಹಿಡಿದರೆ ಸಾಕು, ಉದಯಾಸ್ತಗಳು ಅದರ ಎರಡು ಬದಿಗೆ ಸಮವಾಗಿ ಬೀಳುತ್ತವೆ. ಸಾಮಗ್ರಿ ಅಷ್ಟೇನೂ ಇಲ್ಲ: ಹಳೆಯ ಆಫ್‌ಸೆಟ್ ಪ್ಲೇಟಿನ ತುಂಡೊಂದಕ್ಕೆ ಸೂಜಿಗಿಂತ ತುಸು ದಪ್ಪದ ತೂತು ಕೊರೆದು, ಚಪ್ಪರದ ಕಬ್ಬಿಣಕ್ಕೆ ಎರಡು ಮೀಟರ್ ಎತ್ತರದಲ್ಲಿ ಮಲಗಿಸಿ ಕಟ್ಟಿದೆ, ತೂತಿನ ನೇರ ಕೆಳಗಿನ ಬಿಂದುವನ್ನು ಗೌಂಡಿಯ ತೂಗುಗುಂಡಿನಿಂದ ಗುರುತಿಸಿದೆ. ತೂತಿನ ಮೂಲಕ ನೆಲದ ಮೇಲೆ ಬೀಳುವುದು ಚುಕ್ಕೆಯಲ್ಲ, ಸೂರ್ಯಬಿಂಬವೇ. ಹದಿನೆಂಟು ಹತ್ತೊಂಬತ್ತು ಮಿಲಿಮೀಟರ್ ಅಗಲದ, ಅಂಚು ತುಸು ಮಸುಕಾದ ಬಿಲ್ಲೆ. ಅದು ತನ್ನ ಅಗಲದಷ್ಟು ದೂರ ಸರಿಯಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕಣ್ಣೆದುರೇ ತೆವಳುತ್ತದೆ.

ಉತ್ತರ ದಕ್ಷಿಣದ ಗೆರೆಯನ್ನು ಮೊದಲು ಮೊಬೈಲಿನ ದಿಕ್ಸೂಚಿಯಿಂದ ಎಳೆದು ಕೈ ಸುಟ್ಟುಕೊಂಡೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳುಗಳು ಅದನ್ನು ಒಂದೊಂದು ಮೂಲೆಯಲ್ಲಿ ಒಂದೊಂದು ಕಡೆಗೆ ಎಳೆಯುತ್ತಿದ್ದವು. ಆಮೇಲೆ ಹಳೆಯ ದಾರಿಯನ್ನೇ ಹಿಡಿದೆ. ತೂಗುಗುಂಡಿನ ಬಿಂದುವನ್ನು ಕೇಂದ್ರವಾಗಿಟ್ಟು ವೃತ್ತ ಎಳೆದು, ಬೆಳಿಗ್ಗೆ ಬಿಲ್ಲೆ ಆ ವೃತ್ತವನ್ನು ದಾಟಿ ಒಳಗೆ ಬಂದ ಜಾಗಕ್ಕೂ ಮಧ್ಯಾಹ್ನದ ಮೇಲೆ ಹೊರಗೆ ಹೋದ ಜಾಗಕ್ಕೂ ಸುಣ್ಣದ ಗುರುತು ಹಾಕಿ, ಅವೆರಡರ ನಡುಮಧ್ಯಕ್ಕೆ ಕೇಂದ್ರದಿಂದ ದಾರ ಹಿಡಿದರೆ ಅದೇ ನಡುಹಗಲಿನ ಗೆರೆ. ಬಿಲ್ಲೆಯ ಎಡ ಅಂಚು ಮುಟ್ಟಿದ್ದನ್ನೂ ಬಲ ಅಂಚು ಬಿಟ್ಟದ್ದನ್ನೂ ಬರೆದುಕೊಂಡು ಸರಾಸರಿ ತೆಗೆಯುತ್ತಿದ್ದೆ.

ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಲಬುರಗಿ ಇರುವುದು 76.83ರಲ್ಲಿ. ಆದ್ದರಿಂದ ನಮ್ಮ ನಡುಹಗಲು ಸರಾಸರಿ 12 ಗಂಟೆ 22 ನಿಮಿಷ 40 ಸೆಕೆಂಡಿಗೆ ಬರಬೇಕು. ಬರಲಿಲ್ಲ. ಫೆಬ್ರವರಿ ಎರಡನೆಯ ವಾರದಲ್ಲಿ ಬಿಲ್ಲೆ ಗೆರೆಗೆ ಬಂದದ್ದು 12-37ಕ್ಕೆ, ನವೆಂಬರ್ ಮೊದಲ ವಾರದಲ್ಲಿ 12-06ಕ್ಕೆ. ಅರ್ಧ ಗಂಟೆಯ ಈ ಓಲಾಟ ನನ್ನ ಅಳತೆಯ ದೋಷವಲ್ಲ. ಭೂಮಿ ತನ್ನ ಸುತ್ತ ಒಂದು ಪೂರ್ತಿ ಸುತ್ತು ಹಾಕಲು ಬೇಕಾಗುವುದು 23 ಗಂಟೆ 56 ನಿಮಿಷ 4 ಸೆಕೆಂಡು ಮಾತ್ರ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ದಾರಿಯಲ್ಲಿ ಒಂದು ಡಿಗ್ರಿಯಷ್ಟು ಮುಂದೆ ಹೋಗಿರುವುದರಿಂದ, ಸೂರ್ಯನನ್ನು ಮತ್ತೆ ಎದುರಿಗೆ ತಂದುಕೊಳ್ಳಲು ಇನ್ನು ನಾಲ್ಕು ನಿಮಿಷ ಹೆಚ್ಚು ತಿರುಗಬೇಕು. ಆ ದಾರಿ ಅಂಡಾಕಾರದ್ದು, ಭೂಮಿಯ ಅಕ್ಷ ಓರೆಯಾದದ್ದು; ಈ ಎರಡು ಕಾರಣಗಳಿಂದ ಆ ನಾಲ್ಕು ನಿಮಿಷ ವರ್ಷವಿಡೀ ಒಂದೇ ಆಗಿರುವುದಿಲ್ಲ. 86,400 ಸೆಕೆಂಡು ಎಂಬುದು ಬರೀ ಸರಾಸರಿ. ಡಿಸೆಂಬರ್ ಕೊನೆಯಲ್ಲಿ ಒಂದು ನಡುಹಗಲಿನಿಂದ ಇನ್ನೊಂದಕ್ಕೆ ಮೂವತ್ತು ಸೆಕೆಂಡು ಹೆಚ್ಚಿಗೆ ಆಗುತ್ತದೆ, ಸೆಪ್ಟೆಂಬರ್ ನಡುವಿನಲ್ಲಿ ಇಪ್ಪತ್ತೊಂದು ಸೆಕೆಂಡು ಕಡಿಮೆ. ದಿನಕ್ಕೆ ಇಷ್ಟಿಷ್ಟೇ ಕೂಡುತ್ತ ಹೋಗಿ ಕಾಲು ಗಂಟೆಯಾಗುತ್ತದೆ. ನಡುಹಗಲಿನಿಂದ ನಡುಹಗಲಿಗೆ ಎಣಿಸಿದರೆ ವರ್ಷದ ಅತಿ ಮೋಟು ದಿನ ಬೀಳುವುದು ಸೆಪ್ಟೆಂಬರ್ 17ರ ಆಸುಪಾಸಿನಲ್ಲಿ. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡ, ನಾವು ಧ್ವಜ ಹಾರಿಸುವ ದಿನವೇ ಅದು. ಸಂಬಂಧವೇನೂ ಇಲ್ಲ, ಆದರೂ ಪ್ರತಿ ವರ್ಷ ಆ ಮನೆಯನ್ನು ತುಂಬುವಾಗ ನನಗೆ ನೆನಪಾಗುತ್ತದೆ.

ಇದೇ ಓಲಾಟದಿಂದಾಗಿ ನಮ್ಮಲ್ಲಿ ಅತಿ ಬೇಗ ಹೊತ್ತು ಮುಳುಗುವುದು ಡಿಸೆಂಬರ್ 21ರಂದಲ್ಲ, ನವೆಂಬರ್ ಕೊನೆಯ ಭಾಗದಲ್ಲಿ. ಅತಿ ತಡವಾಗಿ ಸೂರ್ಯ ಹುಟ್ಟುವುದು ಸಂಕ್ರಾಂತಿ ಕಳೆದ ಮೇಲೆ. ಸಂಕ್ರಾಂತಿಯಿಂದ ಬೆಳಗು ಬೇಗ ಆಗುತ್ತದೆ ಎನ್ನುವವರೊಂದಿಗೆ ನಾನೀಗ ವಾದಿಸುವುದನ್ನು ಬಿಟ್ಟಿದ್ದೇನೆ. ಮೇ ತಿಂಗಳ ಎರಡನೆಯ ವಾರದಲ್ಲಿ, ಕಾಲಿಡಲಾಗದಷ್ಟು ಸುಡುವ ಮಾಳಿಗೆಯ ಮೇಲೆ, ಬಿಲ್ಲೆ ತೂಗುಗುಂಡಿನ ಬಿಂದುವಿನ ಮೇಲೆಯೇ ಬಂದು ಕೂತದ್ದನ್ನು ಮಾತ್ರ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ಹೊತ್ತಿನಲ್ಲಿ ನಿಂತ ಕಂಬಕ್ಕೂ ನೆರಳಿರಲಿಲ್ಲ.

ರಾಹುಕಾಲದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಗಿರಾಕಿಗಳು ಮೊದಲು ನೋಡುವುದು ಅದನ್ನೇ. ಸೋಮವಾರ ಏಳೂವರೆಯಿಂದ ಒಂಬತ್ತು ಎಂಬುದು ಆರು ಗಂಟೆಗೆ ಹುಟ್ಟಿ ಆರು ಗಂಟೆಗೆ ಮುಳುಗುವ ಸೂರ್ಯನಿಗೆ ಸಲ್ಲುವ ಪಟ್ಟಿ. ರಾಹುಕಾಲ ಹಗಲಿನ ಎಂಟರಲ್ಲಿ ಒಂದು ಪಾಲು. ನಮ್ಮಲ್ಲಿ ಅದು ಜೂನ್‌ನಲ್ಲಿ 99 ನಿಮಿಷ, ಡಿಸೆಂಬರ್‌ನಲ್ಲಿ 83 ನಿಮಿಷ. ಡಿಸೆಂಬರ್ 21ರ ಸುಮಾರಿನ ಸೋಮವಾರ ಎರಡನೆಯ ಪಾಲು 8-11ರಿಂದ 9-34ರವರೆಗೆ ಬರುತ್ತದೆ. ಹಾಗೆಂದು ಅಚ್ಚು ಹಾಕಿದ ವರ್ಷ ಅರ್ಧದಷ್ಟು ಗಿರಾಕಿಗಳು ತಪ್ಪಾಗಿದೆ ಎಂದು ವಾಪಸು ತಂದರು. ಮರುವರ್ಷದಿಂದ ರೂಢಿಯ ಪಟ್ಟಿಗೇ ಮರಳಿದೆ. ಹೊಟ್ಟೆಪಾಡಿನ ಮುಂದೆ ನನ್ನ ಬಿಲ್ಲೆಯ ಆಟ ನಡೆಯಲಿಲ್ಲ.

ಆದರೆ ನನ್ನ ದೊಡ್ಡ ತಪ್ಪು ಹಗಲಿನದಲ್ಲ, ರಾತ್ರಿಯದು. ಹಿಜರಿ ತಾರೀಖುಗಳನ್ನು ಇಂಗ್ಲಿಷ್ ತಾರೀಖಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದೆ. ಜಾಗರಣೆಯ ಶಬ್-ಎ-ಬರಾತ್ ಶಾಬಾನ್ ತಿಂಗಳ ಹದಿನೈದರ ರಾತ್ರಿ ಎಂದು ಓದಿ, ಹದಿನೈದು ಎಂದಿದ್ದ ಮನೆಯಲ್ಲೇ ಅದನ್ನು ಬರೆದೆ. ಕ್ಯಾಲೆಂಡರ್ ಹಂಚಿ ವಾರವಾಗಿತ್ತು; ದರ್ಗಾ ಕಡೆಯ ಅತ್ತರಿನ ಅಂಗಡಿಯ ಹಿರಿಯರೊಬ್ಬರು ಹಾಳೆಯನ್ನು ಸುರುಳಿ ಸುತ್ತಿಕೊಂಡು ಬಂದು, ಕುರ್ಚಿಯಲ್ಲಿ ಕುಳಿತು, ಚಹಾ ಮುಗಿಯುವವರೆಗೆ ಏನೂ ಹೇಳಲಿಲ್ಲ. ಆಮೇಲೆ, “ನಮ್ಮ ತಾರೀಖು ಮಗ್ರಿಬ್‌ಗೇ ಬದಲಾಗ್ತದ್ರಿ ಸಾಹೇಬ್ರ. ಹದಿನೈದರ ರಾತ್ರಿ ಮೊದಲು ಬರ್ತದ, ಹಗಲು ಆಮ್ಯಾಲ. ನೀವು ಬರೆದ ದಿನ ಎದ್ದು ಕುಂತ್ರ, ಆ ರಾತ್ರಿ ನಿನ್ನೇನೇ ಹೋಗಿರ್ತದ,” ಎಂದರು. ಗುರುವಾರಕ್ಕೆ ಜುಮೇರಾತ್ ಎನ್ನುವುದರಲ್ಲಿಯೇ ಜುಮ್ಮಾದ ರಾತ್ರಿ ಇದೆಯೆಂದು ವಿವರಿಸಿದವರೂ ಅವರೇ. ಗುರುವಾರ ಸಂಜೆ ಅವರಿಗೆ ಆಗಲೇ ಶುಕ್ರವಾರ. ಉಳಿದ ಪ್ರತಿಗಳಿಗೆಲ್ಲ ಪಟ್ಟಿ ಅಂಟಿಸಿದೆವು. ಹಂಚಿಹೋದವುಗಳಿಗಾಗಿ ನಾನೇ ಅಂಗಡಿ ಅಂಗಡಿ ತಿರುಗಿ ಹೇಳಿಬಂದೆ.

ಆ ವರ್ಷದಿಂದ ಹಿಜರಿಯ ರಾತ್ರಿಗಳನ್ನು ಹಿಂದಿನ ಮನೆಯ ತಳದಲ್ಲಿ, ಬೂದು ಬಣ್ಣದ ಕಿರುಪಟ್ಟಿಯೊಳಗೆ, ‘ಮಗ್ರಿಬ್ ನಂತರ’ ಎಂದು ಬರೆದು ಹಾಕುತ್ತಿದ್ದೇನೆ. ಜಿಲ್‌ಕಾದ್ ತಿಂಗಳಲ್ಲಿ ಬಂದೇ ನವಾಜರ ಉರುಸಿನ ದಿನಗಳಿಗೂ ಅದೇ ಕ್ರಮ, ಜೊತೆಗೆ ‘ಚಂದ್ರದರ್ಶನದಂತೆ’ ಎಂಬ ಒಂದು ಮಾತು, ಏಕೆಂದರೆ ತಿಂಗಳಿಗೆ 29 ದಿನವೋ 30 ದಿನವೋ ಎಂಬುದನ್ನು ನನ್ನ ಲೆಕ್ಕಪಟ್ಟಿ ತೀರ್ಮಾನಿಸುವುದಿಲ್ಲ. ತಿಥಿಗಳು ನಡುರಾತ್ರಿ ದಾಟಿದರೆ 26-10ರ ಬದಲು ‘ರಾತ್ರಿ 2-10’ ಎಂದು ಅದೇ ಮನೆಯಲ್ಲಿ ಉಳಿಯುತ್ತವೆ. ಡಿಸೆಂಬರಿನಲ್ಲಿ ಯಂತ್ರ ರಾತ್ರಿಯಿಡೀ ಓಡುವಾಗ ಹುಡುಗರ ಹಾಜರಿಯನ್ನೂ ಇದೇ ಲೆಕ್ಕದಲ್ಲಿ ಬರೆಯುತ್ತೇನೆ: ಸಂಜೆ ಎಂಟಕ್ಕೆ ಬಂದು ಬೆಳಗಿನ ಜಾವ ನಾಲ್ಕಕ್ಕೆ ಹೋದವನ ಪಾಳಿ ಬಂದ ತಾರೀಖಿಗೇ ಸೇರುತ್ತದೆ. ನಡುರಾತ್ರಿಯಲ್ಲಿ ಅದನ್ನು ಎರಡಾಗಿ ಸೀಳಿದ ಒಂದು ತಿಂಗಳು ಯಾರ ಪಗಾರವೂ ತಾಳೆಯಾಗಿರಲಿಲ್ಲ.

ಪ್ರೂಫ್ ಈಗ ಎರಡು ಮನೆಗಳಿಗೆ ಹೋಗಿ ಬರುತ್ತದೆ: ಪಂಚಾಂಗ ಬಲ್ಲ ಆಚಾರ್ಯರೊಬ್ಬರಿಗೆ, ಆಮೇಲೆ ಅತ್ತರಿನ ಹಿರಿಯರಿಗೆ. ಈ ಸಲ ಆಚಾರ್ಯರು ಒಂದು ಏಕಾದಶಿಗೆ ಕೆಂಪು ಗುರುತು ಹಾಕಿ, ಅರುಣೋದಯವನ್ನು ಇನ್ನೊಮ್ಮೆ ನೋಡಿ ಎಂದು ಅಂಚಿನಲ್ಲಿ ಬರೆದಿದ್ದಾರೆ. ಆ ತಿಂಗಳ ಪ್ಲೇಟನ್ನು ತಡೆಹಿಡಿದಿದ್ದೇನೆ. ಉಳಿದ ಹನ್ನೊಂದು ಹಾಳೆಗಳು ಯಂತ್ರದ ಮೇಲಿವೆ.